ಮುತ್ತಜ್ಜ ಬಂದ ಹಡಗು ಯಾವುದು?

ಬ್ರಿಟನ್, ಐರ್ಲೆಂಡುಗಳಿಂದ ಆಸ್ಟ್ರೇಲಿಯಾಕ್ಕೆ ಗಡೀಪಾರಾಗಿ ಬಂದ ಕೈದಿಗಳು ಸುಮಾರು 1,62,000 ಮಂದಿ. ಹನ್ನೊಂದು ಹಡಗುಗಳ ಮೊದಲ ತಂಡ 1788ರ ಜನವರಿಯಲ್ಲಿ ಸಿಡ್ನಿ ಮುಟ್ಟಿತು. ಕೊನೆಯ ಕೈದಿ ಹಡಗು 'ಹೂಗುಮಾಂಟ್' 1868ರ ಜನವರಿಯಲ್ಲಿ ಪಶ್ಚಿಮದ ಫ್ರೀಮ್ಯಾಂಟಲಿಗೆ ಬಂತು. ಆ ಎಂಬತ್ತು ವರ್ಷಗಳಲ್ಲಿ ಇಳಿದವರ ವಂಶದವರು ಈಗ ನಮ್ಮ ಬೀಗರೂ ಆಗಿದ್ದಾರೆ. ನನ್ನ ಮೊಮ್ಮಕ್ಕಳಿಗೆ ತಂದೆಯ ಕಡೆಯಿಂದ ಸಾಗರ ಸೀಮೆಯ ಅಡಿಕೆ ತೋಟದ ಹಿರಿಯರಿದ್ದಾರೆ. ತಾಯಿಯ ಕಡೆಯಿಂದ, ಕಾಲಿಗೆ ಸಂಕೋಲೆ ಹಾಕಿಸಿಕೊಂಡು ಟ್ಯಾಸ್ಮೇನಿಯಾಕ್ಕೆ ಬಂದ ಒಬ್ಬ ಹಿರಿಯನಿದ್ದಾನೆ. ಬೀಗಿತ್ತಿಯವರಿಗೆ ಅವನ ಬಗ್ಗೆ ತಿಳಿಯುವ ಆಸೆಯಿತ್ತು, ನನಗೆ ಬಿಡುವಿತ್ತು. ಹಾಗೆ ಹಿಡಿದ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಈಗ ಹೋಬಾರ್ಟಿನ ಪತ್ರಾಗಾರದ ಓದುಕೋಣೆಯಲ್ಲಿ ಹಿರಿಯರನ್ನು ಹುಡುಕಿಕೊಂಡು ಬರುವ ಬೇರೆಯವರ ಜೊತೆಗೂ ಕೂರುತ್ತೇನೆ. ಅವರಿಗೆ ಮತ್ತೆ ಮತ್ತೆ ಹೇಳುವ ಮಾತುಗಳು ಇವು.

1. ಸಾವಿನಿಂದ ಹುಟ್ಟಿನ ಕಡೆಗೆ ನಡೆಯಿರಿ

ಹೊಸಬರು ಬಂದು ಕೂತ ತಕ್ಷಣ ಮನೆತನದ ಹೆಸರನ್ನು ಕೈದಿಗಳ ಸೂಚಿಯಲ್ಲಿ ಹುಡುಕುತ್ತಾರೆ. ಆ ಹೆಸರಿನವರು ಯಾರೋ ಒಬ್ಬರು ಸಿಕ್ಕೇ ಸಿಗುತ್ತಾರೆ. ಅಪಾಯ ಇರುವುದು ಅಲ್ಲೇ. ಸಿಕ್ಕಿದವನನ್ನು ಮುತ್ತಜ್ಜನೆಂದು ಒಪ್ಪಿಕೊಂಡು, ಅವನಿಂದ ಕೆಳಕ್ಕೆ ಎಳೆ ಎಳೆಯುತ್ತಾ ಬಂದರೆ ಪರರ ಮನೆಯ ಹಿರಿಯನಿಗೆ ಎಡೆಯಿಟ್ಟಂತಾಗುತ್ತದೆ.

ಬದುಕಿರುವವರಿಂದ ಶುರು ಮಾಡಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಮರಣಪತ್ರ, ಮದುವೆಪತ್ರ, ಜನನಪತ್ರ ಈ ಕ್ರಮದಲ್ಲಿ ತೆಗೆಸಿ. ನ್ಯೂ ಸೌತ್ ವೇಲ್ಸಿನಲ್ಲಿ ಸರಕಾರಿ ನೋಂದಣಿ 1856ರಲ್ಲಿ ಆರಂಭವಾಯಿತು. ಅಲ್ಲಿನ ಮರಣಪತ್ರದಲ್ಲಿ ಹುಟ್ಟಿದ ಊರು, ತಂದೆತಾಯಿಯ ಹೆಸರು, ಮಕ್ಕಳ ಹೆಸರು, ಜೊತೆಗೆ ವಸಾಹತಿನಲ್ಲಿ ಎಷ್ಟು ವರ್ಷ ಇದ್ದರು ಎಂಬ ಲೆಕ್ಕ ಇರುತ್ತದೆ. ಆ ಕೊನೆಯ ಲೆಕ್ಕ ಹಿಡಿದು ಹಿಂದಕ್ಕೆ ಎಣಿಸಿದರೆ ಬಂದ ವರ್ಷ ಹೆಚ್ಚುಕಡಿಮೆ ಸಿಗುತ್ತದೆ. ಟ್ಯಾಸ್ಮೇನಿಯಾದ ನೋಂದಣಿ 1838ರಲ್ಲೇ ಶುರುವಾದರೂ ಹಳೆಯ ಮರಣಪತ್ರಗಳಲ್ಲಿ ತಂದೆತಾಯಿಯ ಸುಳಿವಿಲ್ಲ. ಇನ್ನೊಂದು ಮಾತು: ಮರಣಪತ್ರದ ಮಾಹಿತಿ ಕೊಟ್ಟವರು ಸತ್ತವರಲ್ಲ, ಮಗನೋ ನೆರೆಯವನೋ. ಅವರಿಗೆ ಎಷ್ಟು ಗೊತ್ತಿತ್ತೋ ಅಷ್ಟೇ ಅದರಲ್ಲಿದೆ.

ಮನೆಯಲ್ಲಿ ಉಳಿದ ಮಾತುಗಳನ್ನೂ ಬರೆದುಕೊಳ್ಳಿ, ನಂಬುವುದಕ್ಕಲ್ಲ, ತಾಳೆ ನೋಡುವುದಕ್ಕೆ. ವ್ಯಾನ್ ಡೀಮನ್ಸ್ ಲ್ಯಾಂಡ್ ಎಂಬ ಹೆಸರಿಗೆ ಅಂಟಿದ್ದ ಕೈದಿಗಳ ಕಳಂಕ ಬೇಡವೆಂದೇ ಆ ದ್ವೀಪ 1856ರಲ್ಲಿ ಟ್ಯಾಸ್ಮೇನಿಯಾ ಆಯಿತು. ನಾಡೇ ಹೆಸರು ಬದಲಿಸಿಕೊಂಡ ಮೇಲೆ ಮನೆಗಳು ಸುಮ್ಮನಿರುತ್ತವೆಯೇ? ಅಜ್ಜ ನಾವಿಕನಾಗಿ ಬಂದ, ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಎಂಬ ಕಥೆಗಳ ಕೆಳಗೆ ಎಷ್ಟೋ ಸಲ ಒಂದು ನ್ಯಾಯಾಲಯದ ಕಡತ ಇರುತ್ತದೆ.

2. ಹೆಸರಿಗಿಂತ ಹಡಗು ಗಟ್ಟಿ

ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಮಾತು ಇದು. ಜಾನ್ ಸ್ಮಿತ್‌ಗಳಿಗೂ ಮೇರಿ ಬ್ರೌನ್‌ಗಳಿಗೂ ಲೆಕ್ಕವಿಲ್ಲ. ವಸಾಹತಿನ ಗುಮಾಸ್ತರಿಗೂ ಇದೇ ತಲೆನೋವಿತ್ತು. ಅದಕ್ಕಾಗಿ ಅವರು ಹೆಸರಿನ ಮುಂದೆ ಬಂದ ಹಡಗನ್ನು ಬರೆದರು. ನಮ್ಮೂರಿನಲ್ಲಿ ಮನೆಯ ಹೆಸರು ಹೇಳಿದಂತೆ ಇಲ್ಲಿ ಹಡಗಿನ ಹೆಸರು. ಮದುವೆಗೆ ಅನುಮತಿ ಕೇಳಲಿ, ಆಸ್ಪತ್ರೆ ಸೇರಲಿ, ಓಡಿಹೋಗಿ ಗೆಜೆಟಿನಲ್ಲಿ ಪ್ರಕಟವಾಗಲಿ, ಹಡಗು ಬೆನ್ನು ಬಿಡುವುದಿಲ್ಲ. ಬಿಡುಗಡೆಯಾಗಿ ದಶಕಗಳಾದವರ ದಾಖಲೆಯಲ್ಲೂ ಅದನ್ನು ಕಂಡಿದ್ದೇನೆ.

ಒಂದೇ ಹಡಗು ಹಲವು ಸಲ ಕೈದಿಗಳನ್ನು ತಂದದ್ದೂ ಉಂಟು, ಒಂದೇ ಹೆಸರಿನ ಬೇರೆ ಬೇರೆ ಹಡಗುಗಳೂ ಉಂಟು. ಆದ್ದರಿಂದ ಹಡಗಿನ ಜೊತೆ ವರ್ಷವನ್ನೂ ಬರೆದುಕೊಳ್ಳಬೇಕು. ಹಡಗುಗಳ ಯಾನದ ವಿವರಕ್ಕೆ ಚಾರ್ಲ್ಸ್ ಬೇಟ್ಸನ್ 1959ರಲ್ಲಿ ಪ್ರಕಟಿಸಿದ 'ದಿ ಕನ್ವಿಕ್ಟ್ ಶಿಪ್ಸ್' ಗ್ರಂಥವನ್ನು ಇಂದಿಗೂ ತೆರೆಯುತ್ತೇವೆ.

ನಾನು ಪಾಲಿಸುವ ನಿಯಮ ಇಷ್ಟು: ಹಡಗು ಮತ್ತು ವರ್ಷ, ವಿಚಾರಣೆ ನಡೆದ ಊರು ಮತ್ತು ದಿನ, ಶಿಕ್ಷೆಯ ಅವಧಿ. ಈ ಮೂರೂ ಹೊಂದಿದರೆ ಮಾತ್ರ ಎರಡು ಕಾಗದಗಳಲ್ಲಿರುವವರು ಒಬ್ಬರೇ ಎಂದು ಒಪ್ಪುತ್ತೇನೆ. ವಯಸ್ಸು ನಾಲ್ಕೈದು ವರ್ಷ ಆಚೀಚೆಯಾದರೆ ಚಿಂತೆಯಿಲ್ಲ, ಅಕ್ಷರ ಬಾರದವರ ಹೆಸರನ್ನು ಗುಮಾಸ್ತ ಕಿವಿಗೆ ಕೇಳಿದಂತೆ ಬರೆದಿರುತ್ತಾನೆ. ಬೇಕೆಂದೇ ಹೆಸರು ಬದಲಿಸಿಕೊಂಡವರೂ ಇದ್ದರು. ಮೇರಿ ರೀಬಿ ಎಂಬ ಹುಡುಗಿ ಹುಡುಗನ ವೇಷದಲ್ಲಿ ಜೇಮ್ಸ್ ಬರೋ ಎಂಬ ಹೆಸರಿನಲ್ಲಿ ಕುದುರೆ ಕಳವಿನ ಕೇಸಿಗೆ ಸಿಕ್ಕಿಬಿದ್ದಳು. 1792ರಲ್ಲಿ 'ರಾಯಲ್ ಅಡ್ಮಿರಲ್' ಹಡಗಿನಲ್ಲಿ ಸಿಡ್ನಿಗೆ ಬಂದು, ಮುಂದೆ ಊರಿನ ದೊಡ್ಡ ವ್ಯಾಪಾರಿಯಾದಳು. ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲೆ ಅವಳ ಮುಖವಿದೆ.

3. ತೀರ್ಪಿನ ಕಾಗದದಲ್ಲಿರುವ ಬೆಲೆ ಮಾಲಿನ ಬೆಲೆಯಲ್ಲ

ಲಂಡನ್ನಿನಲ್ಲಿ ವಿಚಾರಣೆಯಾಗಿದ್ದರೆ ನೀವು ಅದೃಷ್ಟವಂತರು. ಓಲ್ಡ್ ಬೈಲಿ ನ್ಯಾಯಾಲಯದ 1674ರಿಂದ 1913ರವರೆಗಿನ ಮುದ್ರಿತ ವರದಿಗಳು ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಸಾಕ್ಷಿಗಳು ಆಡಿದ ಮಾತು, ಕೆಲವೊಮ್ಮೆ ಆರೋಪಿ ಆಡಿದ ಒಂದೆರಡು ಮಾತು ಅಲ್ಲಿವೆ. ಬೇರೆ ಕೌಂಟಿಗಳಲ್ಲಾದರೆ ಅಸೈಜ್ ಅಥವಾ ಕ್ವಾರ್ಟರ್ ಸೆಷನ್ಸ್ ನ್ಯಾಯಾಲಯದ ಕಡತ ಹುಡುಕಬೇಕು. ಅವುಗಳಲ್ಲಿ ಆರೋಪ, ತೀರ್ಪು ಬಿಟ್ಟರೆ ಹೆಚ್ಚಿಗೆ ಸಿಗುವುದು ಅಪರೂಪ. ವಿಚಾರಣೆಯ ಕಥೆಗೆ ಆ ಊರಿನ ಪತ್ರಿಕೆ ನೋಡಿ.

ಕಾಗದ ಯಾತಕ್ಕೆ ಹುಟ್ಟಿತು ಎಂದು ಕೇಳಿಕೊಳ್ಳದೆ ಅದನ್ನು ಓದಬಾರದು. ಹದಿನೆಂಟನೇ ಶತಮಾನದಲ್ಲಿ ಮನೆಯೊಳಗಿಂದ 40 ಶಿಲ್ಲಿಂಗಿನ ಮಾಲು ಕದ್ದರೆ ಗಲ್ಲು. ಆ ವರದಿಗಳನ್ನು ಸಾಲಾಗಿ ಓದಿದರೆ 39 ಶಿಲ್ಲಿಂಗಿನ ಕಳವು ಮೇಲಿಂದ ಮೇಲೆ ಎದುರಾಗುತ್ತದೆ. ಜ್ಯೂರಿಯವರು ಜೀವ ಉಳಿಸಲು ಬೆಲೆ ಇಳಿಸುತ್ತಿದ್ದರು. ಅಂಥ ಸಂಖ್ಯೆ ಕಂಡಾಗ ಅದು ಕಳ್ಳಮಾಲಿನ ಲೆಕ್ಕವಲ್ಲ, ಹನ್ನೆರಡು ಜನರ ಕರುಣೆಯ ಲೆಕ್ಕ. ಗಲ್ಲು ವಿಧಿಸಿದ ಮೇಲೂ ಎಷ್ಟೋ ಜನರಿಗೆ ಅದು ಗಡೀಪಾರಾಗಿ ಬದಲಾಗುತ್ತಿತ್ತು. ಮೇರಿ ವೇಡ್ ಎಂಬ ಬಾಲಕಿ ಇನ್ನೊಂದು ಮಗುವಿನ ಬಟ್ಟೆ ಕಿತ್ತುಕೊಂಡದ್ದಕ್ಕೆ 1789ರ ಜನವರಿಯಲ್ಲಿ ಓಲ್ಡ್ ಬೈಲಿಯಲ್ಲಿ ಗಲ್ಲುಶಿಕ್ಷೆ ಪಡೆದಳು. ಶಿಕ್ಷೆ ಬದಲಾಗಿ 1790ರಲ್ಲಿ 'ಲೇಡಿ ಜೂಲಿಯಾನಾ' ಹಡಗಿನಲ್ಲಿ ಸಿಡ್ನಿಗೆ ಬಂದಳು. ಪ್ರಧಾನಿಯಾಗಿದ್ದ ಕೆವಿನ್ ರಡ್ ಅವಳ ವಂಶದವರು.

ವಿಚಾರಣೆಯ ಊರು ಹುಟ್ಟಿದ ಊರೇ ಆಗಬೇಕಿಲ್ಲ ಎಂಬುದನ್ನೂ ನೆನಪಿಡಿ. ಹೊಟ್ಟೆಪಾಡಿಗೆ ಊರು ಬಿಟ್ಟವರೇ ಅವರಲ್ಲಿ ಬಹಳ.

4. ಮೈಗುರುತಿನ ಪುಸ್ತಕವನ್ನು ನಿಧಾನವಾಗಿ ಓದಿ

ಟ್ಯಾಸ್ಮೇನಿಯಾದ ಕೈದಿ ದಾಖಲೆಗಳಷ್ಟು ತುಂಬಿದ ಕಾಗದ ನಾನು ಬೇರೆಲ್ಲೂ ನೋಡಿಲ್ಲ. ಆಸ್ಟ್ರೇಲಿಯಾದ ಕೈದಿ ದಾಖಲೆಗಳು 2007ರಲ್ಲಿ ಯುನೆಸ್ಕೋದ 'ಮೆಮರಿ ಆಫ್ ದಿ ವರ್ಲ್ಡ್' ಪಟ್ಟಿ ಸೇರಿವೆ. ಇಲ್ಲಿನ ಪತ್ರಾಗಾರ ಮೂಲ ಪುಟಗಳ ಚಿತ್ರಗಳನ್ನು ಪುಕ್ಕಟೆ ತೆರೆದಿಟ್ಟಿದೆ, ಬೆಂಗಳೂರಿನಲ್ಲಿ ಕೂತೂ ನೋಡಬಹುದು.

ಹಡಗು ಬಂದರಿಗೆ ಬಂದಾಗ ಒಬ್ಬೊಬ್ಬರನ್ನೇ ನಿಲ್ಲಿಸಿ ಬರೆದುಕೊಳ್ಳುತ್ತಿದ್ದರು. ಎತ್ತರ, ಮೈಬಣ್ಣ, ತಲೆಯ ಆಕಾರ, ಹುಬ್ಬು, ಮೂಗು, ಗದ್ದ, ಸಿಡುಬಿನ ಕಲೆ, ಹಳೆಯ ಗಾಯ, ತುಂಡಾದ ಬೆರಳು. ಓಡಿಹೋದರೆ ಹಿಡಿಯಲು ಬೇಕಾದ ಪಟ್ಟಿ ಅದು. ಇಷ್ಟು ಕಟ್ಟುನಿಟ್ಟಾದ ಕಣ್ಗಾವಲಿನಿಂದಲೇ ನಮಗೆ ಅವರ ಮುಖ ಸಿಕ್ಕಿದೆ. ಊರಲ್ಲೇ ಉಳಿದ ಅಣ್ಣನಿಗೆ ಚರ್ಚಿನ ಪುಸ್ತಕದಲ್ಲಿ ದೀಕ್ಷೆ, ಮದುವೆ, ಮಣ್ಣು ಎಂದು ಮೂರು ಸಾಲು. ಗಡೀಪಾರಾದ ತಮ್ಮನ ಕಣ್ಣಿನ ಬಣ್ಣವೂ ನಮಗೆ ಗೊತ್ತು.

ಹಚ್ಚೆಗಳ ಬಳಿ ನಿಲ್ಲಿ. ತೋಳಿನ ಮೇಲೆ ಲಂಗರು, ಹೃದಯ, ಶಿಲುಬೆ, ಸೂರ್ಯಚಂದ್ರ, ಇಸವಿ, ಅಕ್ಷರಗಳು. ಆ ಅಕ್ಷರಗಳು ಹೆಚ್ಚಾಗಿ ಹೆಂಡತಿಯ, ತಾಯಿಯ, ಒಡಹುಟ್ಟಿದವರ ಹೆಸರಿನ ಮೊದಲಕ್ಷರಗಳು. ಬೀಗಿತ್ತಿಯವರ ಹಿರಿಯನ ಎಡತೋಳಿನಲ್ಲಿ ನಾಲ್ಕು ಜೋಡಿ ಅಕ್ಷರಗಳಿದ್ದವು. ಅವನ ಹುಟ್ಟೂರಿನ ಚರ್ಚಿನ ಪುಸ್ತಕದಲ್ಲಿ ತಾಯಿಗೂ ಮೂವರು ತಂಗಿಯರಿಗೂ ಅವು ಹೊಂದಿದವು. ಅಲ್ಲಿಯವರೆಗೆ ಅನುಮಾನದಲ್ಲಿದ್ದ ಊರು ಖಚಿತವಾದದ್ದು ಹಾಗೆ. ಅದನ್ನು ತೋರಿಸಿದ ದಿನ ಬೀಗಿತ್ತಿಯವರು ಬಹಳ ಹೊತ್ತು ಆ ಪುಟದ ಮುಂದೆ ಕೂತಿದ್ದರು.

1840ರ ದಶಕದಲ್ಲಿ ಬಂದವರಾದರೆ ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿಯರ ಹೆಸರುಗಳನ್ನೂ ಸಾಲಾಗಿ ಬರೆದಿರುತ್ತಾರೆ. ಕೊನೆಯಲ್ಲಿ 'ಎನ್.ಪಿ.' ಎಂದಿದ್ದರೆ ಅವರೆಲ್ಲ ಹುಟ್ಟೂರಿನಲ್ಲೇ ಇದ್ದಾರೆ ಎಂದರ್ಥ. ತಪ್ಪೊಪ್ಪಿಗೆಯ ಸಾಲನ್ನೂ ಬಿಡಬೇಡಿ. ಏನು ಕದ್ದೆ, ಯಾರಿಂದ, ಹಿಂದೆ ಎಷ್ಟು ಸಲ ಸಿಕ್ಕಿಬಿದ್ದೆ ಎಂದು ಗುಮಾಸ್ತ ಕೇಳಿ ಬರೆದದ್ದು ಅದು. ಅವನ ಮುಂದೆ ಊರಿನ ಜೈಲಿನವರು ಕಳಿಸಿದ ವರದಿಯೂ ಇರುತ್ತಿತ್ತು, ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸುಲಭವಿರಲಿಲ್ಲ.

5. ನಡತೆಯ ಪುಸ್ತಕದಲ್ಲಿ ಒಳ್ಳೆಯ ದಿನಗಳಿಗೆ ಜಾಗವಿಲ್ಲ

ಕುಡಿದಿದ್ದ, ಕೆಲಸಕ್ಕೆ ಒಪ್ಪಿಸಿದ್ದ ಯಜಮಾನನಿಗೆ ಎದುರುತ್ತರ ಕೊಟ್ಟ, ರಾತ್ರಿ ಹೊರಗಿದ್ದ. ಪಕ್ಕದಲ್ಲಿ 25 ಛಡಿಯೇಟು, ಏಕಾಂತ ಕೋಣೆ, ಸಂಕೋಲೆ ಹಾಕಿಕೊಂಡು ರಸ್ತೆ ಕೆಲಸ. ನಡತೆಯ ಪುಟ ಹೀಗೆ ಹೋಗುತ್ತದೆ. ಓದಿದವರು ನಮ್ಮ ಹಿರಿಯ ಎಂಥ ಪುಂಡ ಎಂದುಕೊಳ್ಳುತ್ತಾರೆ. ಆ ಪುಸ್ತಕ ಇಟ್ಟದ್ದೇ ತಪ್ಪು ಬರೆಯಲು. ಏಳು ವರ್ಷದಲ್ಲಿ ಐದು ನಮೂದಿದ್ದರೆ ಉಳಿದ ಎರಡೂವರೆ ಸಾವಿರ ದಿನ ಅವನು ಮರ ಕಡಿದ, ಕುರಿ ಕಾಯ್ದ, ಇಟ್ಟಿಗೆ ಸುಟ್ಟ. ಅದನ್ನು ಯಾರೂ ಬರೆಯಲಿಲ್ಲ. ಪ್ರತಿ ನಮೂದಿನಲ್ಲೂ ದೂರು ಕೊಟ್ಟ ಯಜಮಾನನ ಹೆಸರು ನೋಡಿ. ಒಬ್ಬನೇ ಯಜಮಾನನ ಕೈಯಲ್ಲಿ ಎಲ್ಲ ಏಟೂ ಬಿದ್ದಿದ್ದು, ಬೇರೆಡೆ ಹೋದ ಮೇಲೆ ಪುಟ ಖಾಲಿಯಾದರೆ ಆ ಪುಟ ಯಜಮಾನನ ನಡತೆಯನ್ನೂ ಹೇಳುತ್ತಿದೆ.

ಹೆಂಗಸರ ಪುಟಗಳನ್ನು ಓದುವುದು ಕಷ್ಟ. ಒಟ್ಟು ಸುಮಾರು 25,000 ಹೆಂಗಸರು ಗಡೀಪಾರಾದರು. ಕೈದಿ ಹೆಣ್ಣು ಬಸುರಾದರೆ ಯಜಮಾನ ಅವಳನ್ನು ಫೀಮೇಲ್ ಫ್ಯಾಕ್ಟರಿ ಎಂಬ ಕೈದಿ ಹೆಂಗಸರ ದುಡಿಮೆಯ ಜೈಲಿಗೆ ವಾಪಸು ಕಳಿಸುತ್ತಿದ್ದ. ಹೋಬಾರ್ಟಿನ ಕ್ಯಾಸ್ಕೇಡ್ಸ್ ಫ್ಯಾಕ್ಟರಿ ಶುರುವಾದದ್ದು 1828ರಲ್ಲಿ, ಬೆಟ್ಟದ ನೆರಳಿನ ಒದ್ದೆ ಕಣಿವೆಯಲ್ಲಿ. ಹೆತ್ತವಳಿಗೆ ಶಿಕ್ಷೆ, ಮಗು ಅಲ್ಲಿನ ನರ್ಸರಿಯಲ್ಲಿ. ಅಲ್ಲಿ ತೀರಿಕೊಂಡ ಕೂಸುಗಳು ಬಹಳ. ನಿಮ್ಮ ಮುತ್ತಜ್ಜಿಯ ಪುಟದಲ್ಲಿ ಫ್ಯಾಕ್ಟರಿಗೆ ಮರಳಿದ ದಿನಾಂಕವಿದ್ದರೆ ಮುಂದಿನ ವರ್ಷದ ದೀಕ್ಷೆ ಮತ್ತು ಮರಣದ ಪುಸ್ತಕಗಳನ್ನು ತೆಗೆದು ನೋಡಿ. ಮನೆತನದ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಹೆಸರು ಅಲ್ಲಿ ಇದ್ದೀತು. ಅದನ್ನು ವಂಶವೃಕ್ಷಕ್ಕೆ ಸೇರಿಸಲೇಬೇಕೆಂದು ನಾನು ಹಟ ಹಿಡಿಯುತ್ತೇನೆ.

6. ಹಡಗಿನ ವೈದ್ಯನ ದಿನಚರಿ

1790ರ ಎರಡನೇ ತಂಡದ ಹಡಗುಗಳಲ್ಲಿ ಸುಮಾರು ಕಾಲುಭಾಗ ಕೈದಿಗಳು ದಾರಿಯಲ್ಲೇ ಸತ್ತರು. 1815ರಿಂದ ಪ್ರತಿ ಹಡಗಿಗೂ ಸರಕಾರದ ವೈದ್ಯನೊಬ್ಬ ಮೇಲ್ವಿಚಾರಕನಾಗಿ ಬಂದ, ಸಾವು ಇಳಿಯಿತು. ಅವರ ದಿನಚರಿಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ 'ಎಡಿಎಂ 101' ಸಾಲಿನಲ್ಲಿವೆ. ನಿಮ್ಮವರ ಹೆಸರು ಅದರಲ್ಲಿ ಇಲ್ಲದಿದ್ದರೆ ಸಂತೋಷಪಡಿ, ಕಾಯಿಲೆ ಬೀಳಲಿಲ್ಲವೆಂದು ಲೆಕ್ಕ.

7. ಐರ್ಲೆಂಡಿನ ಸುಟ್ಟ ಕಾಗದಗಳು

ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ 1922ರಲ್ಲಿ ಅಂತರ್ಯುದ್ಧದ ಬೆಂಕಿಗೆ ಸಿಕ್ಕಿ ನಾಶವಾಯಿತು. ಗಡೀಪಾರಿನ ರಿಜಿಸ್ಟರುಗಳು ಉಳಿದಿರುವುದು 1836ರಿಂದ ಈಚೆಗೆ. ಅದಕ್ಕೂ ಹಿಂದಿನವರಾದರೆ ಕೈದಿಗಳೋ ಅವರ ಮನೆಯವರೋ ಸರಕಾರಕ್ಕೆ ಬರೆದುಕೊಂಡ ಅರ್ಜಿಗಳನ್ನು ನೋಡಬೇಕು. ಗಂಡನನ್ನು ಕಳಿಸಬೇಡಿ, ಕಳಿಸುವುದಾದರೆ ನನ್ನನ್ನೂ ಮಕ್ಕಳನ್ನೂ ಜೊತೆಗೆ ಕಳಿಸಿ ಎಂದು ಹೆಂಡತಿ ಬರೆಸಿದ ಅರ್ಜಿಗಳಿವೆ. ಇಡೀ ಹುಡುಕಾಟದಲ್ಲಿ ಕೈದಿಯ ಮನೆಯವರ ದನಿ ನೇರವಾಗಿ ಕೇಳುವ ಕಾಗದ ಇದೊಂದೇ ಎಂದು ನನಗನ್ನಿಸುತ್ತದೆ. 1988ರಲ್ಲಿ ಆಸ್ಟ್ರೇಲಿಯಾದ ದ್ವಿಶತಮಾನದ ಹೊತ್ತಿಗೆ ಐರ್ಲೆಂಡ್ ಸರಕಾರ ಇವೆಲ್ಲದರ ಪ್ರತಿ ಮತ್ತು ಸೂಚಿಯನ್ನು ಉಡುಗೊರೆಯಾಗಿ ಕೊಟ್ಟಿತು.

ಸ್ಕಾಟ್ಲೆಂಡಿನ ಹೆಂಗಸರನ್ನು ತವರಿನ ಹೆಸರಿನಲ್ಲಿ ಹುಡುಕಿ. ಅಲ್ಲಿನ ನ್ಯಾಯಾಲಯಗಳು ಮದುವೆಯಾದವರನ್ನೂ ಹಾಗೆಯೇ ಬರೆಯುತ್ತಿದ್ದವು.

8. ಬಿಡುಗಡೆಯ ಕಾಗದಗಳು ಹಲವು ಬಗೆ

ಟಿಕೆಟ್ ಆಫ್ ಲೀವ್ ಪೂರ್ಣ ಬಿಡುಗಡೆಯಲ್ಲ. ತನ್ನ ದುಡಿಮೆ ತಾನು ಮಾಡಿಕೊಳ್ಳಬಹುದು, ಆದರೆ ಹೇಳಿದ ಜಿಲ್ಲೆಯೊಳಗೇ ಇರಬೇಕು, ಹಾಜರಿ ಕೊಡಬೇಕು. ನ್ಯೂ ಸೌತ್ ವೇಲ್ಸಿನಲ್ಲಿ ಏಳು ವರ್ಷದವರಿಗೆ ನಾಲ್ಕು ವರ್ಷದ, ಹದಿನಾಲ್ಕರವರಿಗೆ ಆರು ವರ್ಷದ, ಜೀವಾವಧಿಯವರಿಗೆ ಎಂಟು ವರ್ಷದ ಒಳ್ಳೆಯ ನಡತೆಯ ಮೇಲೆ ಅದು ಸಿಗುತ್ತಿತ್ತು. ಷರತ್ತಿನ ಮಾಫಿ ಪಡೆದವರು ಬ್ರಿಟನ್ನಿಗೆ ಮರಳುವಂತಿರಲಿಲ್ಲ. ಪೂರ್ಣ ಮಾಫಿಯಲ್ಲಿ ಆ ತಡೆಯಿಲ್ಲ. ಅವಧಿ ಮುಗಿದವರಿಗೆ ಸರ್ಟಿಫಿಕೇಟ್ ಆಫ್ ಫ್ರೀಡಮ್. ಜೀವಾವಧಿಯವರಿಗೆ ಅವಧಿಯೇ ಮುಗಿಯದ್ದರಿಂದ ಈ ಸರ್ಟಿಫಿಕೇಟು ಇಲ್ಲ, ಅವರಿಗಾಗಿ ಅದನ್ನು ಹುಡುಕುತ್ತಾ ಕೂರಬೇಡಿ. ನ್ಯೂ ಸೌತ್ ವೇಲ್ಸಿನ 1828ರ ಜನಗಣತಿಯಲ್ಲಿ 'ಸಿ.ಎಫ್.' ಎಂದಿದ್ದರೆ ಸ್ವತಂತ್ರನಾಗಿ ಬಂದವನು ಎಂದರ್ಥ. ಅದನ್ನು ಸರ್ಟಿಫಿಕೇಟ್ ಎಂದು ಓದಿದವರು ವಲಸೆ ಬಂದ ರೈತರನ್ನು ಕೈದಿಗಳಾಗಿಸಿದ್ದಾರೆ.

ಕೈದಿಗಳು ಮದುವೆಯಾಗಲು ಗವರ್ನರನ ಅನುಮತಿ ಬೇಕಿತ್ತು. ನಿರಾಕರಿಸಿದ ಅರ್ಜಿಗಳನ್ನು ತಪ್ಪದೆ ನೋಡಿ. ಬಂದಾಗ ವಿವಾಹಿತ ಎಂದು ಬರೆಸಿದ್ದಾನೆ ಎಂಬುದೇ ಎಷ್ಟೋ ನಿರಾಕರಣೆಗಳ ಕಾರಣ. ಅಂದರೆ ಸಾಗರದಾಚೆ ಒಬ್ಬಳು ಹೆಂಡತಿ, ಬಹುಶಃ ಮಕ್ಕಳು. ಇಲ್ಲಿನ ವಂಶದವರಿಗೆ ಅವಳ ವಿಷಯವೇ ಗೊತ್ತಿರುವುದಿಲ್ಲ. ಅವಳಿಗೇನಾಯಿತು ಎಂದು 1841 ಮತ್ತು 1851ರ ಬ್ರಿಟಿಷ್ ಜನಗಣತಿಯಲ್ಲಿ ಹುಡುಕಿ. ಬಡವರ ಕೆಲಸದ ಮನೆಯಲ್ಲಿ ಸಿಕ್ಕವರಿದ್ದಾರೆ, ವಿಧವೆ ಎಂದು ಬರೆಸಿಕೊಂಡು ಇನ್ನೊಬ್ಬನೊಡನೆ ಬಾಳಿದವರಿದ್ದಾರೆ. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಹಡಗು ಹತ್ತಿಸಿದವರು ಎರಡೂ ದಡದ ಬದುಕನ್ನು ತುಂಡರಿಸಿದ್ದರು.

9. ಭಾರತದಿಂದ ಬಂದವರು

ಕನ್ನಡಿಗರು ಕೇಳುವ ಪ್ರಶ್ನೆ: ನಮ್ಮ ಕಡೆಯವರೂ ಇಲ್ಲಿಗೆ ಬಂದಿದ್ದರೇ? ಭಾರತದ ನ್ಯಾಯಾಲಯಗಳು ಗಡೀಪಾರು ಮಾಡಿದ ಭಾರತೀಯರನ್ನು ಕಳಿಸಿದ್ದು ಮುಖ್ಯವಾಗಿ ಪೆನಾಂಗ್, ಸಿಂಗಪುರ, ಮಾರಿಷಸ್, 1858ರ ನಂತರ ಅಂಡಮಾನಿಗೆ. ಆದರೆ ಭಾರತದ ದಂಡುಗಳಲ್ಲಿದ್ದ ಬ್ರಿಟಿಷ್ ಸೈನಿಕರು ಕೋರ್ಟ್ ಮಾರ್ಷಲ್ ಆಗಿ ಸಿಡ್ನಿಗೂ ಹೋಬಾರ್ಟಿಗೂ ಬಂದದ್ದುಂಟು. ಕಾವಲು ಬಿಟ್ಟು ಓಡಿದ್ದು, ಮೇಲಧಿಕಾರಿಯ ಮೇಲೆ ಕೈಮಾಡಿದ್ದು ಅವರ ಅಪರಾಧ. ವಿಚಾರಣೆಯ ಸ್ಥಳ ಮದ್ರಾಸ್, ಬಂಗಾಳದ ಕಡೆ ಇದ್ದರೆ ಕೌಂಟಿಯ ಕಡತ ಬಿಡಿ, ಪಲ್ಟನ್ನಿನ ಸಂಖ್ಯೆ ಹಿಡಿಯಿರಿ. ಕ್ಯೂನಲ್ಲಿರುವ ಪಲ್ಟನ್ನಿನ ಹಾಜರಿ-ಸಂಬಳದ ಪುಸ್ತಕದಲ್ಲಿ ಅವರು ಸಿಗುತ್ತಾರೆ. ಮದ್ರಾಸ್ ಪ್ರಾಂತದ ಚರ್ಚುಗಳ ದೀಕ್ಷೆ, ಮದುವೆಯ ಪ್ರತಿಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬೆಂಗಳೂರಿನ ದಂಡಿನವೂ ಅವುಗಳಲ್ಲಿ ಸೇರಿವೆ.

10. ಎಲ್ಲಿ ಕಂಡಿರೋ ಅದನ್ನು ಪಕ್ಕದಲ್ಲೇ ಬರೆಯಿರಿ

ಯಾರೋ ಟೈಪು ಮಾಡಿದ ಸೂಚಿಯನ್ನು ದಾಖಲೆ ಎಂದು ಕರೆಯಬೇಡಿ. ಮೂಲ ಪುಟದ ಚಿತ್ರ ತೆಗೆದು, ದಾಖಲೆ ಸರಣಿಯ ಸಂಖ್ಯೆ, ಪುಟದ ಸಂಖ್ಯೆ ಬರೆದುಕೊಳ್ಳಿ. ಇಲ್ಲಿನ ಗಂಡಸರ ನಡತೆ ಪುಸ್ತಕ 'ಕಾನ್ 31' ಅಥವಾ 'ಕಾನ್ 33', ಹೆಂಗಸರದು 'ಕಾನ್ 40' ಅಥವಾ 'ಕಾನ್ 41'. ಬಂದ ಕಾಲದ ಮೇಲೆ ಯಾವುದೆಂದು ಗೊತ್ತಾಗುತ್ತದೆ. ಬೇರೆಯವರು ಮಾಡಿಟ್ಟ ವಂಶವೃಕ್ಷ ಸಿಕ್ಕರೆ ಸುಳಿವಾಗಿ ಇಟ್ಟುಕೊಳ್ಳಿ, ಅಷ್ಟೇ.

11. ಆ ಜಮೀನು ಯಾರದಾಗಿತ್ತು?

ಬಿಡುಗಡೆಯಾದವರಿಗೆ ಮೊದಮೊದಲು ಜಮೀನು ಕೊಡುತ್ತಿದ್ದರು. ಒಬ್ಬನಿಗೆ 30 ಎಕರೆ, ಮದುವೆಯಾಗಿದ್ದರೆ ಇನ್ನೂ 20, ಮಗುವೊಂದಕ್ಕೆ 10. ಜಮೀನಿನ ಪತ್ರ ಸಿಕ್ಕಾಗ ಮನೆಯವರು ಹಿಗ್ಗುತ್ತಾರೆ. ಕಳ್ಳನೆಂದು ಅಟ್ಟಿಸಿಕೊಂಡವನು ಮಣ್ಣಿನ ಒಡೆಯನಾದ ಎಂಬ ಹೆಮ್ಮೆ ನನಗೂ ಅರ್ಥವಾಗುತ್ತದೆ. ಆದರೆ ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳು ಬಾಳಿದ ನೆಲ ಅದು, ಅವರನ್ನು ಕೇಳಿ ಕೊಟ್ಟದ್ದಲ್ಲ. 1830ರಲ್ಲಿ ಟ್ಯಾಸ್ಮೇನಿಯಾದ ಮೂಲನಿವಾಸಿಗಳನ್ನು ಅಟ್ಟಲು ಸುಮಾರು 2,200 ಜನರ ಸಾಲು ಕಟ್ಟಿ ಕಾಡು ಶೋಧಿಸಿದರು. 'ಬ್ಲ್ಯಾಕ್ ಲೈನ್' ಎಂದು ಕರೆಯುವ ಆ ಸಾಲಿನಲ್ಲಿ ಸೈನಿಕರು, ರೈತರ ಜೊತೆ ಕೈದಿಗಳೂ ಇದ್ದರು. ಮೂಲನಿವಾಸಿಗಳೇ ಕೈದಿಗಳಾದದ್ದೂ ಉಂಟು. ಸಿಡ್ನಿ ಸೀಮೆಯ ಮಸ್ಕಿಟೋ ಎಂಬಾತನನ್ನು 1805ರಲ್ಲಿ ನಾರ್ಫೋಕ್ ದ್ವೀಪಕ್ಕೆ, 1813ರಲ್ಲಿ ಇಲ್ಲಿಗೆ ಕಳಿಸಿ, 1825ರಲ್ಲಿ ಹೋಬಾರ್ಟಿನಲ್ಲಿ ನೇಣು ಹಾಕಿದರು.

ನಿಮ್ಮವರ ಜಮೀನು ಸಿಕ್ಕ ಜಿಲ್ಲೆ ಮತ್ತು ವರ್ಷ ಗೊತ್ತಾದ ಕೂಡಲೇ ಆ ವರ್ಷಗಳ ಪತ್ರಿಕೆಗಳನ್ನು ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ತಾಣದಲ್ಲಿ ಓದಿ. ಸುತ್ತಲಿನ ಘರ್ಷಣೆಗಳ ಸುದ್ದಿ ಅಲ್ಲಿರುತ್ತದೆ, ಬಿಳಿಯರು ಬರೆದದ್ದು ಎಂಬ ಎಚ್ಚರದಲ್ಲಿ ಓದಬೇಕಷ್ಟೆ. ಅಲ್ಲಿ ಬಾಳಿದ ಮೂಲ ಜನಾಂಗದ ಹೆಸರನ್ನು ತಿಳಿದು ಬರೆಯಿರಿ. ಬೀಗಿತ್ತಿಯವರು ಈಗ ಮನೆತನದ ಪುಸ್ತಕ ಸಿದ್ಧಮಾಡುತ್ತಿದ್ದಾರೆ. ಅದರಲ್ಲಿ ಆ ಜನಾಂಗದ ಬಗೆಗಿನ ಅಧ್ಯಾಯವನ್ನು ಜಮೀನಿನ ಪತ್ರಕ್ಕಿಂತ ಮೊದಲು ಇಡೋಣವೆಂದು ಅವರೇ ಹೇಳಿದರು.